ಗಿಟಾರ್ ಮತ್ತು ಮೊಬೈಲ್ ಎರಡೂ ಒಂದೇ ಸ್ಪೀಕರಿಗೆ: ಸರಳ ಮಿಕ್ಸರ್ ಮನೆಯಲ್ಲೇ ಮಾಡಬಹುದೇ?

ಕೋಡಿಬಾಗ್ ತಂತಿ
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎಲೆಕ್ಟ್ರಿಕ್ ಗಿಟಾರ್ ಇದೆ, ಅದಕ್ಕೆ ಬೇಕಾದ ಆಂಪ್ಲಿಫೈಯರ್ ಇಲ್ಲ. ಮನೆಯಲ್ಲಿರುವುದು ಟಿವಿಗೆ ಹಾಕಿದ ಹಳೆಯ ಸ್ಪೀಕರ್ ಜೋಡಿ, ಅದರ ಹಿಂದೆ ಒಂದೇ ಒಂದು ಇನ್‌ಪುಟ್. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಜೊತೆಗೆ ನುಡಿಸಬೇಕು. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಇರಬೇಕು.

ಎರಡನ್ನೂ ಒಂದೇ ಪಿನ್ನಿಗೆ ಸೇರಿಸುವ ವೈ ಕೇಬಲ್ ಹಾಕಿ ನೋಡಿದ್ದಾಯಿತು. ಮೊಬೈಲಿನ ಪಿನ್ ಚುಚ್ಚಿದ ಕೂಡಲೇ ಗಿಟಾರ್ ಸತ್ತಂತಾಗುತ್ತದೆ, ಪಿನ್ ಕಿತ್ತರೆ ಮತ್ತೆ ಬರುತ್ತದೆ. ಹಾಡು ನಿಲ್ಲಿಸಿಟ್ಟಿದ್ದರೂ ಇದೇ ಕಥೆ. ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಇದೆ. ಕಾರವಾರದ ಅಂಗಡಿಗಳಲ್ಲಿ ಮೊಬೈಲ್ ಕವರ್ ಬಿಟ್ಟು ಬೇರೆ ಬಿಡಿಭಾಗ ಸಿಗುವುದು ಕಷ್ಟ, ಹಾಗಾಗಿ ಸಾಮಾನು ಕಡಿಮೆ ಇದ್ದಷ್ಟೂ ಒಳ್ಳೆಯದು.

ಅಂಕೋಲಾ ಎಕ್ಸ್‌ಪ್ರೆಸ್
ಇದಕ್ಕೆ ಎರಡು ರೆಸಿಸ್ಟರ್ ಸಾಕು. ಗಿಟಾರಿಗೆ ಒಂದು 10ಕೆ (ಹತ್ತು ಕಿಲೋಓಮ್), ಮೊಬೈಲಿಗೆ ಒಂದು 10ಕೆ, ಎರಡರ ತುದಿ ಸೇರಿಸಿ ಸ್ಪೀಕರಿಗೆ ಕೊಡಿ. ಬ್ಯಾಟರಿ ಬೇಡ, ಐಸಿ ಬೇಡ. ಐದು ನಿಮಿಷದ ಕೆಲಸ.

ಮಳೆಗಾಲ ಯಲ್ಲಾಪುರ
ಐದು ನಿಮಿಷದ ಕೆಲಸ ಎಂದವರೆಲ್ಲ ಸಂಜೆಯವರೆಗೆ ಟೇಬಲ್ ಬಿಟ್ಟು ಎದ್ದಿದ್ದನ್ನು ನಾನು ಕಂಡಿಲ್ಲ.

ಹಳೇ ರೇಡಿಯೊ, ಶಿರಸಿ
ತಮ್ಮಾ, ಮೊದಲು ಗಿಟಾರ್ ಯಾಕೆ ಸಾಯುತ್ತಿದೆ ಎಂದು ತಿಳಿದುಕೊ, ಸರ್ಕಿಟ್ ಆಮೇಲೆ.

ಮೊಬೈಲಿನ ಹೆಡ್‌ಫೋನ್ ಔಟ್‌ಪುಟ್ ಕೆಲವೇ ಓಮ್‌ಗಳ ಇಂಪೀಡೆನ್ಸ್‌ನದು, ಎಂದರೆ ಸಿಗ್ನಲ್ಲಿಗೆ ಅದು ಒಡ್ಡುವ ತಡೆ ಅಷ್ಟೇ. ಹಾಡು ನಿಂತಿದ್ದರೂ ಅದು ಗಿಟಾರಿನ ಕಣ್ಣಿಗೆ ಹೆಚ್ಚುಕಡಿಮೆ ಗ್ರೌಂಡಿಗೆ ಶಾರ್ಟ್ ಆದ ತಂತಿ. ಗಿಟಾರಿನ ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯ ತಂತಿ. ಮೀಟರಿನಲ್ಲಿ ಅಳೆದರೆ ಆರೇಳು ಕಿಲೋಓಮ್ ತೋರಿಸಬಹುದು, ಆದರೆ ಅದು ಕಾಯಿಲ್. ಸ್ವರ ಮೇಲೇರಿದಂತೆ ಅದರ ಇಂಪೀಡೆನ್ಸ್ ಏರುತ್ತದೆ. ಮೂರು ಹೆನ್ರಿ ಇಂಡಕ್ಟೆನ್ಸ್ ಎಂದು ಹಿಡಿದರೆ 3000 ಹರ್ಟ್ಸ್‌ನಲ್ಲಿ ಐವತ್ತಾರು ಕಿಲೋಓಮ್ ದಾಟುತ್ತದೆ. ಅಂಥದ್ದರ ಮೇಲೆ ಹತ್ತಿಪ್ಪತ್ತು ಕಿಲೋಓಮ್ ಹೊರೆ ಹೊರಿಸುವುದು ಎಳೆಗರುವಿನ ಹೆಗಲಿಗೆ ನೊಗ ಇಟ್ಟ ಹಾಗೆ. ಅಂಕೋಲಾದವರ ಎರಡು ರೆಸಿಸ್ಟರ್ ಹಾಕಿದರೆ ಗಿಟಾರ್ ಸಾಯುವುದಿಲ್ಲ ನಿಜ, ಆದರೆ ಮೇಲಿನ ಸ್ವರಗಳ ಮಿಂಚು ಹೋಗಿ ಕಂಬಳಿ ಹೊದ್ದುಕೊಂಡು ಮಾತನಾಡಿದಂತೆ ಕೇಳಿಸುತ್ತದೆ.

ಎಲೆಕ್ಟ್ರಿಕ್ ಗಿಟಾರಿಗೆ ಎದುರಿನಿಂದ ಸಿಗಬೇಕಾದದ್ದು ಅರ್ಧದಿಂದ ಒಂದು ಮೆಗಾಓಮ್. ಅದನ್ನು ಕೊಡಲು ಒಂದು ಬಫರ್, ಎಂದರೆ ಗಿಟಾರಿನ ಮೇಲೆ ಹೊರೆ ಬೀಳದಂತೆ ನಡುವೆ ನಿಲ್ಲುವ ಸರ್ಕಿಟ್, ಬೇಕೇ ಬೇಕು.

ಅಂಕೋಲಾ ಎಕ್ಸ್‌ಪ್ರೆಸ್
ಹಿರಿಯರೇ, ಹಾಗಾದರೆ 10ಕೆ ಬದಲು 470ಕೆ ಹಾಕಲಿ. ಹೊರೆ ಹೋಯಿತಲ್ಲ?

ಹಳೇ ರೇಡಿಯೊ, ಶಿರಸಿ
ಹೊರೆ ಹೋಯಿತು, ಸದ್ದೂ ಹೋಯಿತು. ಆ ಕಡೆಯ ಸ್ಪೀಕರಿನ ಇನ್‌ಪುಟ್ ಇಪ್ಪತ್ತೋ ನಲವತ್ತೋ ಕಿಲೋಓಮ್ ಇರುತ್ತದೆ. 470ಕೆ ದಾಟಿ ಬಂದ ಗಿಟಾರ್ ಅಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಜೊತೆಗೆ ಉದ್ದ ವೈರಿನ ಕೆಪಾಸಿಟೆನ್ಸ್ ಉಳಿದ ಮೇಲಿನ ಸ್ವರವನ್ನೂ ನುಂಗುತ್ತದೆ.

ಚಂಡೆಪೆಟ್ಟು
ನಮ್ಮ ಮೇಳದಲ್ಲಿ ಇಂಥ ಯಾವ ತಲೆನೋವೂ ಇಲ್ಲ. ಚಂಡೆಗೆ ಮೈಕೇ ಬೇಡ.

ಕುಮಟಾ ಲ್ಯಾಬ್
ಹಿರಿಯರು ಕಾರಣ ಹೇಳಿದ್ದಾರೆ, ನಾನು ಸರ್ಕಿಟ್ ಹೇಳುತ್ತೇನೆ. ಐಸಿ ಟಿಎಲ್072. ಒಂದೇ ಐಸಿಯೊಳಗೆ ಎರಡು ಆಪ್-ಆಂಪ್ (ಸಿಗ್ನಲ್ ದೊಡ್ಡದು ಮಾಡುವ ಪುಟ್ಟ ಆಂಪ್ಲಿಫೈಯರ್), ಒಳಬಾಗಿಲಲ್ಲಿ ಜೆಫೆಟ್ ಎಂಬ ಟ್ರಾನ್ಸಿಸ್ಟರ್ ಇರುವುದರಿಂದ ಗಿಟಾರಿನಿಂದ ಕರೆಂಟನ್ನೇ ಎಳೆಯುವುದಿಲ್ಲ ಎನ್ನಬಹುದು. ಒಂದು ಭಾಗ ಗಿಟಾರಿಗೆ ಬಫರ್, ಇನ್ನೊಂದು ಭಾಗ ಎರಡನ್ನೂ ಕೂಡಿಸುವುದಕ್ಕೆ.

9 ವೋಲ್ಟ್ ಬ್ಯಾಟರಿಯ ಪ್ಲಸ್ 8ನೇ ಪಿನ್ನಿಗೆ, ಮೈನಸ್ 4ನೇ ಪಿನ್ನಿಗೆ; ಈ ಮೈನಸ್ಸೇ ನಮ್ಮ ಗ್ರೌಂಡ್. ಪ್ಲಸ್ ಮತ್ತು ಮೈನಸ್ ನಡುವೆ ಎರಡು 10ಕೆ ರೆಸಿಸ್ಟರುಗಳನ್ನು ಸಾಲಾಗಿ ಹಾಕಿ; ನಡುವಿನ ಬಿಂದುವಿನಲ್ಲಿ 4.5 ವೋಲ್ಟ್ ಸಿಗುತ್ತದೆ, ಅಲ್ಲಿಂದ ಮೈನಸ್ಸಿಗೆ ಒಂದು 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದನ್ನು 'ನಡುಬಿಂದು' ಎಂದು ಕರೆಯುತ್ತೇನೆ.

ಗಿಟಾರಿನಿಂದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ 3ನೇ ಪಿನ್ನಿಗೆ. 3ನೇ ಪಿನ್ನಿನಿಂದ ನಡುಬಿಂದುವಿಗೆ ಒಂದು ಮೆಗಾಓಮ್. 1 ಮತ್ತು 2ನೇ ಪಿನ್ನುಗಳ ನಡುವೆ 22ಕೆ, 2ನೇ ಪಿನ್ನಿನಿಂದ ನಡುಬಿಂದುವಿಗೆ 10ಕೆ. ಗಿಟಾರ್ ಮೂರು ಪಟ್ಟಿಗಿಂತ ತುಸು ಹೆಚ್ಚು ದೊಡ್ಡದಾಗುತ್ತದೆ, ಮೊಬೈಲಿಗೆ ಸರಿಸಮ ನಿಲ್ಲಲು ಅಷ್ಟು ಬೇಕು. 1ನೇ ಪಿನ್ನಿನಿಂದ 10 ಮೈಕ್ರೋಫ್ಯಾರಡ್ ದಾಟಿ 10ಕೆ ವಾಲ್ಯೂಮ್ ಪಾಟ್‌ನ (ತಿರುಗಿಸುವ ರೆಸಿಸ್ಟರಿನ) ಒಂದು ತುದಿಗೆ, ಪಾಟ್‌ನ ಇನ್ನೊಂದು ತುದಿ ಗ್ರೌಂಡಿಗೆ.

ಮೊಬೈಲ್ ಸ್ಟೀರಿಯೊ. ಎಡ ಮತ್ತು ಬಲ ತಂತಿಗಳನ್ನು ನೇರವಾಗಿ ತಿರುಚಿ ಸೇರಿಸಬೇಡಿ, ಒಳಗಿನ ಎರಡು ಆಂಪ್ಲಿಫೈಯರುಗಳು ಒಂದಕ್ಕೊಂದು ಗುದ್ದಾಡುತ್ತವೆ. ಎರಡಕ್ಕೂ ಒಂದೊಂದು 4.7ಕೆ ಹಾಕಿ ಆಮೇಲೆ ಸೇರಿಸಿ ಇನ್ನೊಂದು 10ಕೆ ಪಾಟ್‌ಗೆ ಕೊಡಿ.

ಎರಡೂ ಪಾಟ್‌ಗಳ ನಡುಕಾಲಿನಿಂದ ಒಂದೊಂದು 47ಕೆ ರೆಸಿಸ್ಟರ್ 6ನೇ ಪಿನ್ನಿಗೆ. 6 ಮತ್ತು 7ರ ನಡುವೆ ಇನ್ನೊಂದು 47ಕೆ. 5ನೇ ಪಿನ್ ನಡುಬಿಂದುವಿಗೆ. 7ರಿಂದ 10 ಮೈಕ್ರೋಫ್ಯಾರಡ್ ದಾಟಿದರೆ ಅದೇ ನಿಮ್ಮ ಔಟ್‌ಪುಟ್, ಅಲ್ಲಿಂದ ಗ್ರೌಂಡಿಗೆ ಒಂದು 100ಕೆ.

ಧ್ವನಿವರ್ಧಕ ಹೊನ್ನಾವರ
ಅಕ್ಕಾ, ಇದು ಕೆಲಸ ಮಾಡುವುದಿಲ್ಲ. ನಡುಕಾಲಿಗೂ 47ಕೆಗೂ ನಡುವೆ ಕೆಪಾಸಿಟರ್ ಎಲ್ಲಿ? ಪಾಟ್ ಗ್ರೌಂಡಿನಲ್ಲಿ ಕುಳಿತಿದೆ, 6ನೇ ಪಿನ್ 4.5 ವೋಲ್ಟಿನಲ್ಲಿ ಕುಳಿತಿದೆ. ಎರಡು 47ಕೆಗಳೂ ಡಿಸಿಯನ್ನು ಗ್ರೌಂಡಿಗೆ ಎಳೆಯುತ್ತವೆ. ಲೆಕ್ಕ ಹಾಕಿದರೆ 7ನೇ ಪಿನ್ ಸುಮಾರು 13 ವೋಲ್ಟಿಗೆ ಹೋಗಲು ನೋಡುತ್ತದೆ. ಇರುವುದು 9. ಮೇಲೆ ತಗುಲಿಕೊಂಡು ಅಲ್ಲೇ ನಿಲ್ಲುತ್ತದೆ, ಸ್ಪೀಕರಿನಲ್ಲಿ ಒಂದು 'ಟಪ್', ನಂತರ ಮೌನ.

ಕುಮಟಾ ಲ್ಯಾಬ್
ಪಠ್ಯಪುಸ್ತಕದ ಚಿತ್ರದಲ್ಲಿ ಪ್ಲಸ್ಸು ಮೈನಸ್ಸು ಎರಡು ಸಪ್ಲೈ ಇರುತ್ತದೆ, ಅಲ್ಲಿ ಈ ಕೆಪಾಸಿಟರ್ ಬೇಡ. ಒಂದೇ ಬ್ಯಾಟರಿಗೆ ಬೇಕು. ಎರಡೂ ನಡುಕಾಲಿಗೆ 1 ಮೈಕ್ರೋಫ್ಯಾರಡ್ ಸೇರಿಸಿಕೊಳ್ಳಿ. ಎಲೆಕ್ಟ್ರೋಲಿಟಿಕ್ ಆದರೆ ಪ್ಲಸ್ ಕಾಲು ಐಸಿಯ ಕಡೆಗೆ.

ಅಂಕೋಲಾ ಎಕ್ಸ್‌ಪ್ರೆಸ್
ಎರಡು ರೆಸಿಸ್ಟರಿನಿಂದ ಹೊರಟದ್ದು ಈಗ ಡಬ್ಬಿ ತುಂಬಿತು. ಸಾಮಾನು ಕಡಿಮೆ ಇರಲಿ ಎಂದವನ ಮಾತನ್ನು ಯಾರೂ ಓದಲಿಲ್ಲ.

ಧ್ವನಿವರ್ಧಕ ಹೊನ್ನಾವರ
ಅಂಕೋಲಾದವರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡು ಮೊಬೈಲ್, ಅಥವಾ ಒಂದು ಮೊಬೈಲ್ ಮತ್ತು ಒಂದು ಕೀಬೋರ್ಡ್ ಆಗಿದ್ದರೆ ನಿಮ್ಮ ರೆಸಿಸ್ಟರುಗಳೇ ಸಾಕು, ಮದುವೆ ಮನೆಗಳಲ್ಲಿ ನಾನೂ ಹಾಗೆ ಮಾಡಿದ್ದೇನೆ. ಗೋಳು ಇರುವುದು ಕೂಡಿಸುವುದರಲ್ಲಿ ಅಲ್ಲ, ಗಿಟಾರಿನಲ್ಲಿ.

ಚಂಡೆಪೆಟ್ಟು
ಹಾಗಾದರೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ? ಭಾಗವತರ ಮೈಕಿನ ಹತ್ತಿರ ಪೆಟ್ಟಿಗೆ ಇಟ್ಟರೆ ಮೈಕ್ ಅವರ ಉಸಿರನ್ನೂ ಶ್ರುತಿಯನ್ನೂ ಕಲಸಿ ಕೊಡುತ್ತದೆ.

ಧ್ವನಿವರ್ಧಕ ಹೊನ್ನಾವರ
ಅದಕ್ಕೆ ಹೆಡ್‌ಫೋನ್ ತೂತು ಇದ್ದರೆ ಮೊಬೈಲಿನ ಜಾಗದಲ್ಲಿ ಹಾಕಿ, ಅಷ್ಟೇ. ಆದರೆ ಭಾಗವತರು ಶ್ರುತಿ ಕಿವಿಯ ಹತ್ತಿರವೇ ಬೇಕು ಎನ್ನುತ್ತಾರೆ, ದೊಡ್ಡ ಸ್ಪೀಕರಿನಿಂದ ಬಂದರೆ ಒಪ್ಪುವುದಿಲ್ಲ.

ಮಳೆಗಾಲ ಯಲ್ಲಾಪುರ
ಹಾರ್ಮೋನಿಯಂ ಶ್ರುತಿಯ ಮುಂದೆ ಪ್ಲಾಸ್ಟಿಕ್ ಪೆಟ್ಟಿಗೆಯ ಶ್ರುತಿ ಶ್ರುತಿಯೇ ಅಲ್ಲ.

ಚಂಡೆಪೆಟ್ಟು
ಹಾರ್ಮೋನಿಯಂ ಒತ್ತಲು ಬೆಳಗಿನ ಜಾವದವರೆಗೆ ನೀವು ಬಂದು ಕುಳಿತುಕೊಳ್ಳುತ್ತೀರಾ?

ಸದಾಶಿವಗಡದ ಗಾಳಿ
ಗಿಟಾರಿಗೆ ವಾಪಸ್ ಬನ್ನಿ ಮಾರಾಯರೇ. ನಾನು ಚರ್ಚಿನ ಗಾಯನ ತಂಡದಲ್ಲಿ ಗಿಟಾರ್ ನುಡಿಸುವವನು. ಕೋಡಿಬಾಗ್ ಎಂದರೆ ಕಾಳಿ ನದಿಯ ಬಾಯಿ, ಉಪ್ಪು ಗಾಳಿ. ಸರ್ಕಿಟ್ ಸರಿ ಇದ್ದರೂ ಎರಡು ಮಳೆಗಾಲದಲ್ಲಿ ಜ್ಯಾಕ್ ಹಸಿರು ಹಿಡಿಯುತ್ತದೆ, ಪಾಟ್ ತಿರುಗಿಸಿದರೆ ಕರಕರ. ಬೋರ್ಡಿನ ಮೇಲೆ ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಅದು ತೇವ ಹೀರಿಕೊಂಡು ಆ ಒಂದು ಮೆಗಾಓಮ್ ಜಾಗದಲ್ಲಿ ಸೋರಿಕೆ ಶುರುವಾಗುತ್ತದೆ, ಏನೇನೋ ಚಿಟಿಚಿಟಿ ಕೇಳುತ್ತದೆ. ಬೆಸುಗೆ ಮುಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ, ಒಣಗಿಸಿ, ಬಣ್ಣವಿಲ್ಲದ ವಾರ್ನಿಷ್ ಬಳಿಯಿರಿ. ಜ್ಯಾಕುಗಳ ಒಳಗೆ ಮಾತ್ರ ಬಳಿಯಬೇಡಿ. ತೆರೆದ ಅಗ್ಗದ ಪಾಟ್ ಬದಲು ಮುಚ್ಚಿದ ಪಾಟ್ ಸಿಕ್ಕರೆ ನಾಲ್ಕು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ.

ಕೋಡಿಬಾಗ್ ತಂತಿ
ಎಲ್ಲರಿಗೂ ಧನ್ಯವಾದ. ಅಕ್ಕಾ, ಟಿಎಲ್072 ಸಿಗದಿದ್ದರೆ ಬೇರೆ ಯಾವುದು? ಹಳೆಯ ಟೇಪ್ ರೆಕಾರ್ಡರ್ ಬೋರ್ಡಿನಲ್ಲಿ 4558 ಎಂದು ಬರೆದ ಎಂಟು ಕಾಲಿನ ಐಸಿ ಇದೆ. ಅಂಗಡಿಯವರು ಎಲ್‌ಎಂ358 ಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಎಲ್‌ಎಂ386 ಎಂದರು.

ಕುಮಟಾ ಲ್ಯಾಬ್
386 ಬೇರೆಯೇ ಜಾತಿ. ಅದು ಸಣ್ಣ ಸ್ಪೀಕರನ್ನು ನೇರವಾಗಿ ಓಡಿಸುವ ಪವರ್ ಐಸಿ, 9 ವೋಲ್ಟಿನಲ್ಲಿ ಅರ್ಧ ವ್ಯಾಟಿನ ಆಸುಪಾಸು. ಕಾಲುಗಳ ಜೋಡಣೆಯೂ ಬೇರೆ. ಇಲ್ಲಿ ಹಾಕಬೇಡಿ. 358 ಕಾಲುಗಳ ಲೆಕ್ಕದಲ್ಲಿ ಕೂರುತ್ತದೆ, ಆದರೆ ಸಿಗ್ನಲ್ಲಿನ ಅಲೆ ಸೊನ್ನೆ ದಾಟುವಾಗ ಸದ್ದನ್ನು ಒರಟು ಮಾಡುತ್ತದೆ; ತಾಪಮಾನ ಅಳೆಯುವುದಕ್ಕೆ ಚೆನ್ನ, ಸಂಗೀತಕ್ಕೆ ಅಲ್ಲ. 4558 ಹಾಕಿ ನೋಡಬಹುದು, ಅದೇ ಕಾಲುಗಳು, ಎಷ್ಟೋ ಗಿಟಾರ್ ಪೆಡಲುಗಳಲ್ಲಿ ಅದೇ ಇದೆ. ಬೋರ್ಡಿಗೆ ಐಸಿ ನೇರ ಬೆಸೆಯದೆ ಎಂಟು ಕಾಲಿನ ಸಾಕೆಟ್ ಹಾಕಿಕೊಂಡರೆ ಮುಂದೆ ಬದಲಿಸುವುದು ಸುಲಭ.

ಹಳೇ ರೇಡಿಯೊ, ಶಿರಸಿ
ಎನ್‌ಇ5532 ಸದ್ದಿಲ್ಲದ ಐಸಿ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅದು ಒಳ್ಳೆಯದೇ. ಆದರೆ ಅದರ ಇನ್‌ಪುಟ್ ಒಂದಿಷ್ಟು ಕರೆಂಟ್ ಎಳೆಯುತ್ತದೆ, ಒಂದು ಮೆಗಾಓಮ್ ಮೇಲೆ ಅದು ಕಾಣುವಷ್ಟು ವೋಲ್ಟೇಜ್ ಆಗುತ್ತದೆ. ಗಿಟಾರಿನ ಕಡೆಗೆ ಜೆಫೆಟ್ಟೇ ಸರಿ. ಬಿಡಿಭಾಗ ಸಿಗುವುದಿಲ್ಲ ಎಂದು ಕೊರಗಬೇಡ. ಮೂಲೆಗೆ ಬಿದ್ದ ಟಿವಿ ಬೋರ್ಡಿನಲ್ಲಿ ನಿನಗೆ ಬೇಕಾದ ರೆಸಿಸ್ಟರುಗಳು ಬಹುತೇಕ ಇವೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮಾತ್ರ ಹೊಸದೇ ಕೊಳ್ಳಬೇಕು, ಹಳೆಯದು ಒಣಗಿರುತ್ತದೆ. ಐಸಿ ಮತ್ತು ಪಾಟ್ ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ತರಿಸು.

ಸದಾಶಿವಗಡದ ಗಾಳಿ
ಕಾರವಾರದಿಂದ ಮಡಗಾಂವಿಗೆ ರೈಲು ಇದೆ. ಘಟ್ಟ ಹತ್ತುವುದು ಯಾಕೆ?

ಹಳೇ ರೇಡಿಯೊ, ಶಿರಸಿ
ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಕೆಳಗಿನವರಿಗೆ ಗೋವಾ. ಇದರ ಮೇಲೆ ವಾದ ಬೇಡ, ಮುಗಿಯುವುದಿಲ್ಲ.

ಮಳೆಗಾಲ ಯಲ್ಲಾಪುರ
ಇಷ್ಟೆಲ್ಲ ಯಾಕೆ? ಮೊಬೈಲನ್ನು ಬ್ಲೂಟೂತಿನಲ್ಲಿ ಸ್ಪೀಕರಿಗೆ ಸೇರಿಸಿ, ಗಿಟಾರನ್ನು ವೈರಿನಲ್ಲಿ ಚುಚ್ಚಿ. ಮಿಕ್ಸರೇ ಬೇಡ.

ಕುಮಟಾ ಲ್ಯಾಬ್
ಬಹಳಷ್ಟು ಸ್ಪೀಕರುಗಳು ವೈರ್ ಚುಚ್ಚಿದ ಕೂಡಲೇ ಬ್ಲೂಟೂತ್ ಕಡಿದುಹಾಕುತ್ತವೆ. ಒಂದು ಸಲಕ್ಕೆ ಒಂದೇ.

ಅಂಕೋಲಾ ಎಕ್ಸ್‌ಪ್ರೆಸ್
ಬ್ಲೂಟೂತಿನಲ್ಲಿ ಸದ್ದು ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ.

ಧ್ವನಿವರ್ಧಕ ಹೊನ್ನಾವರ
ಎಲ್ಲಿ ತಡ ಎಂಬುದರ ಮೇಲೆ ಇದೆ. ಹಾಡು ಮಾತ್ರ ಬ್ಲೂಟೂತಿನಲ್ಲಿ ತಡವಾಗಿ ಬಂದರೆ ತೊಂದರೆಯೇ ಇಲ್ಲ, ನೀವು ಕೇಳಿದ್ದಕ್ಕೆ ತಾನೇ ನುಡಿಸುವುದು? ಮಿಕ್ಸರಿನ ಔಟ್‌ಪುಟ್ಟನ್ನು ಬ್ಲೂಟೂತ್ ಸ್ಪೀಕರಿಗೆ ಕಳುಹಿಸಿದರೆ ಮಾತ್ರ ಗಿಟಾರೂ ತಡವಾಗುತ್ತದೆ. ತಂತಿ ಮೀಟಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದು ಸದ್ದು ಬಂದರೂ ಕೈ ತಬ್ಬಿಬ್ಬಾಗುತ್ತದೆ. ಕೊನೆಯ ಸ್ಪೀಕರ್ ವೈರಿನದೇ ಇರಲಿ.

ಇನ್ನೊಂದು, ನಗೆಮಾತಲ್ಲ. ಟಿವಿ ಸ್ಪೀಕರಿಗೆ ಎರಡು ಕಾಲಿನ ಪ್ಲಗ್ ಇದ್ದು, ಗಿಟಾರಿನ ತಂತಿ ಮುಟ್ಟಿದಾಗ ಜುಮ್ ಎಂದರೆ ಅಲ್ಲೇ ನಿಲ್ಲಿಸಿ. ಗಿಟಾರಿನ ಲೋಹದ ತಂತಿಗಳು ಗ್ರೌಂಡಿಗೆ ಸೇರಿರುತ್ತವೆ, ಸ್ಪೀಕರಿನಲ್ಲಿ ಸೋರಿಕೆ ಇದ್ದರೆ ಅದು ನೇರ ನಿಮ್ಮ ಬೆರಳಿಗೆ ಬರುತ್ತದೆ. ನಮ್ಮ ಕಡೆಯ ಚಿರೆಕಲ್ಲು ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಇದ್ದೂ ಇಲ್ಲದಂತೆ. ಒಂದು ಸಭಾಭವನದಲ್ಲಿ ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದ ಗಾಯಕ ಹಿಂದಕ್ಕೆ ಹಾರಿದ್ದನ್ನು ನೋಡಿದ್ದೇನೆ. ಅಲ್ಲಿನ ಅರ್ಥ್ ತಂತಿ ಪ್ಲಗ್ಗಿನ ತನಕ ಬಂದಿತ್ತು, ಗೋಡೆಯೊಳಗೆ ಎಲ್ಲಿಗೂ ಹೋಗಿರಲಿಲ್ಲ. ಮಿಕ್ಸರ್ ಬ್ಯಾಟರಿಯಲ್ಲಿದೆ ಎಂದು ಧೈರ್ಯ ಬೇಡ, ಸ್ಪೀಕರ್ ಮೇನ್ಸಿನಲ್ಲಿದೆ.

ಕೋಡಿಬಾಗ್ ತಂತಿ
ಸ್ಪೀಕರ್ ಮೂರು ಕಾಲಿನದು, ಜುಮ್ ಇಲ್ಲ. ಐಸಿ ಮಡಗಾಂವಿನಿಂದ ಬಂತು, ಸರ್ಕಿಟ್ ಬೆಸೆದಾಯಿತು. ಗಿಟಾರ್ ಎಷ್ಟು ಸ್ವಚ್ಛವಾಗಿ ಬರುತ್ತಿದೆ ಎಂದರೆ ನನ್ನ ಬೆರಳು ಜಾರುವುದೂ ಕೇಳುತ್ತಿದೆ, ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಈಗ ಎರಡು ತಕರಾರು. ಒಂದು, ಸದಾ ಸಣ್ಣಗೆ ಗುಂಯ್ ಎನ್ನುತ್ತದೆ, ಡಬ್ಬಿ ಮುಟ್ಟಿದರೆ ಕಡಿಮೆಯಾಗುತ್ತದೆ. ಎರಡು, ಮೊಬೈಲನ್ನು ಚಾರ್ಜಿಗೆ ಹಾಕಿದರೆ ಜೀರುಂಡೆಯಂಥ ಕಿರ್ ಸದ್ದು.

ಕುಮಟಾ ಲ್ಯಾಬ್
ಡಬ್ಬಿ ಯಾವುದರದು?

ಕೋಡಿಬಾಗ್ ತಂತಿ
ಪ್ಲಾಸ್ಟಿಕ್ ಟಿಫಿನ್ ಡಬ್ಬಿ.

ಹಳೇ ರೇಡಿಯೊ, ಶಿರಸಿ
ಅದರಲ್ಲಿ ಅವಲಕ್ಕಿ ಹಾಕಿಕೊ. ಮಿಕ್ಸರಿಗೆ ಲೋಹದ ಡಬ್ಬಿ ಬೇಕು. ಬಿಸ್ಕತ್ತಿನ ತಗಡಿನ ಡಬ್ಬಿಯಾದರೂ ಆದೀತು, ಅದನ್ನು ಗ್ರೌಂಡಿಗೆ ಒಂದೇ ಜಾಗದಲ್ಲಿ ಸೇರಿಸು. ಮನೆಯ ವೈರಿಂಗಿನ 50 ಹರ್ಟ್ಸ್ ಒಳಗೆ ಬರದಂತೆ ತಡೆಯುವುದು ಅದೇ. ಗಿಟಾರ್ ಜ್ಯಾಕಿನಿಂದ 3ನೇ ಪಿನ್ನಿನವರೆಗೆ ಶೀಲ್ಡ್ ವೈರ್ ಹಾಕು, ಅದು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಧ್ವನಿವರ್ಧಕ ಹೊನ್ನಾವರ
ಚಾರ್ಜರ್ ಸದ್ದಿಗೆ ಮದ್ದು ಚಾರ್ಜರ್ ಕಿತ್ತಿಡುವುದು. ಅದರೊಳಗಿನ ಸ್ವಿಚಿಂಗ್ ಸರ್ಕಿಟಿನ ಕೊಳೆ ಮೊಬೈಲಿನ ಗ್ರೌಂಡ್ ಹಿಡಿದು ಮಿಕ್ಸರಿಗೆ ಇಳಿಯುತ್ತದೆ. ಚಾರ್ಜ್ ಮಾಡಿಕೊಂಡೇ ನುಡಿಸಬೇಕು ಎಂದರೆ ಮೊಬೈಲಿಗೂ ಮಿಕ್ಸರಿಗೂ ನಡುವೆ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು, ಕಾರಿನ ಸ್ಟೀರಿಯೊ ಅಂಗಡಿಯಲ್ಲಿ ಸಿಗುತ್ತದೆ.

ಮಳೆಗಾಲ ಯಲ್ಲಾಪುರ
ನಮ್ಮಲ್ಲಿ ಮಳೆ ಹಿಡಿದರೆ ಕರೆಂಟೇ ಇರುವುದಿಲ್ಲ. ಗುಂಯ್ ಇಲ್ಲ, ಕಿರ್ ಇಲ್ಲ, ಗಿಟಾರೂ ಇಲ್ಲ.

ಅಂಕೋಲಾ ಎಕ್ಸ್‌ಪ್ರೆಸ್
ಇನ್ವರ್ಟರ್ ಇದ್ದರೆ ಇನ್ನೂ ಮಜಾ, ಅಗ್ಗದ ಚೌಕಾಕಾರದ ಅಲೆಯ ಇನ್ವರ್ಟರಿನಲ್ಲಿ ಸ್ಪೀಕರ್ ತಾನೇ ಹಾಡುತ್ತದೆ. ಅಂದ ಹಾಗೆ ಬ್ಯಾಟರಿ ಎಷ್ಟು ದಿನ ಬರುತ್ತದೆ?

ಕುಮಟಾ ಲ್ಯಾಬ್
ಟಿಎಲ್072 ಮೂರು ಮಿಲಿಆಂಪಿಯರ್ ಹತ್ತಿರ ತಿನ್ನುತ್ತದೆ, ನಡುಬಿಂದುವಿನ ರೆಸಿಸ್ಟರುಗಳು ಅರ್ಧ ಮಿಲಿಆಂಪಿಯರ್. ಒಳ್ಳೆಯ ಆಲ್ಕಲೈನ್ ಬ್ಯಾಟರಿ ನೂರು ಗಂಟೆ ದಾಟಬಹುದು. ಏಳು ವೋಲ್ಟಿಗೆ ಇಳಿದ ಮೇಲೆ ಜೋರಾಗಿ ಮೀಟಿದಾಗ ಸದ್ದು ಒಡೆಯಲು ಶುರುವಾಗುತ್ತದೆ, ಬದಲಿಸಿ.

ಸದಾಶಿವಗಡದ ಗಾಳಿ
ಸ್ವಿಚ್ ಉಳಿಸುವ ಉಪಾಯ ಹೇಳುತ್ತೇನೆ. ಗಿಟಾರಿನ ಕಡೆಗೆ ಮೊನೊ ಬದಲು ಸ್ಟೀರಿಯೊ ಜ್ಯಾಕ್ ಹಾಕಿ, ಬ್ಯಾಟರಿಯ ಮೈನಸ್ಸನ್ನು ನಡುವಿನ ಉಂಗುರದ ಕಾಲಿಗೆ ಬೆಸೆಯಿರಿ. ಗಿಟಾರಿನ ಮೊನೊ ಪಿನ್ ಒಳಗೆ ಹೋದಾಗ ಉಂಗುರವೂ ಗ್ರೌಂಡೂ ಕೂಡಿ ಬ್ಯಾಟರಿ ಶುರು, ಪಿನ್ ಎಳೆದರೆ ಬಂದ್. ಪೆಡಲುಗಳಲ್ಲೆಲ್ಲ ಹೀಗೇ ಇರುತ್ತದೆ.

ಚಂಡೆಪೆಟ್ಟು
ಆಗ ಮೊಬೈಲ್ ಮಾತ್ರ ಹಾಕಿದರೆ ಕೇಳುವುದಿಲ್ಲವಲ್ಲ?

ಸದಾಶಿವಗಡದ ಗಾಳಿ
ಮೊಬೈಲ್ ಮಾತ್ರ ಕೇಳುವವರಿಗೆ ಮಿಕ್ಸರ್ ಯಾಕೆ?

ಕೋಡಿಬಾಗ್ ತಂತಿ
ಬಿಸ್ಕತ್ತಿನ ಡಬ್ಬಿಗೆ ಬದಲಿಸಿದೆ, ಗುಂಯ್ ಹೋಯಿತು. ಜ್ಯಾಕಿನ ಉಪಾಯವನ್ನೂ ಹಾಕಿಕೊಂಡೆ. ಒಂದು ಸಂದೇಹ ಉಳಿಯಿತು: ಪಾಟ್ ಅರ್ಧ ತಿರುಗಿಸುವಷ್ಟರಲ್ಲೇ ಹಾಡು ಪೂರ್ತಿ ಜೋರು, ಆಮೇಲೆ ತಿರುಗಿಸಿದರೂ ವ್ಯತ್ಯಾಸವಿಲ್ಲ.

ಕುಮಟಾ ಲ್ಯಾಬ್
ಪಾಟ್ ಮೇಲೆ ಬಿ10ಕೆ ಎಂದಿದೆಯೇ? ಬಿ ಎಂದರೆ ಲೀನಿಯರ್. ವಾಲ್ಯೂಮಿಗೆ ಎ ಬೇಕು, ನಮ್ಮ ಕಿವಿ ಲಾಗರಿದಮ್ಮಿನ ಲೆಕ್ಕದಲ್ಲಿ ಕೇಳುತ್ತದೆ. ಎ ಸಿಗದಿದ್ದರೆ ನಡುಕಾಲಿನಿಂದ ಗ್ರೌಂಡಿಗೆ ಒಂದು 1.5ಕೆ ರೆಸಿಸ್ಟರ್ ಹಾಕಿ, ಹೆಚ್ಚುಕಡಿಮೆ ಅದೇ ನಡೆ ಬರುತ್ತದೆ.

ಚಂಡೆಪೆಟ್ಟು
ನನಗೂ ಒಂದು ಬೇಕು. ಎರಡು ಗಿಟಾರ್, ಒಂದು ಶ್ರುತಿಪೆಟ್ಟಿಗೆ, ಒಂದು ಮೊಬೈಲ್ ಸೇರಬೇಕು. ಮೇಳಕ್ಕಲ್ಲ, ಅಳಿಯಂದಿರು ರಜೆಯಲ್ಲಿ ಬರುತ್ತಾರೆ.

ಧ್ವನಿವರ್ಧಕ ಹೊನ್ನಾವರ
ಕೂಡಿಸುವ ಭಾಗದಲ್ಲಿ ಬದಲಾವಣೆ ಇಲ್ಲ. ಹೊಸದಾಗಿ ಬರುವ ಪ್ರತಿಯೊಂದಕ್ಕೂ ತನ್ನದೇ ಪಾಟ್, 1 ಮೈಕ್ರೋಫ್ಯಾರಡ್, 47ಕೆ. ಎಲ್ಲ 47ಕೆಗಳೂ ಅದೇ 6ನೇ ಪಿನ್ನಿಗೆ. ಎರಡನೇ ಗಿಟಾರಿಗೆ ಮಾತ್ರ ಇನ್ನೊಂದು ಬಫರ್ ಬೇಕು, ಹಾಗಾಗಿ 072 ಬಿಟ್ಟು ನಾಲ್ಕು ಆಪ್-ಆಂಪ್ ಇರುವ ಟಿಎಲ್074 ತೆಗೆದುಕೊಳ್ಳಿ. ಅದಕ್ಕೆ ಹದಿನಾಲ್ಕು ಕಾಲು, ಪ್ಲಸ್ 4ಕ್ಕೆ, ಮೈನಸ್ 11ಕ್ಕೆ. ಎಂಟು ಕಾಲಿನ ಲೆಕ್ಕದಲ್ಲಿ 4ಕ್ಕೆ ಮೈನಸ್ ಕೊಟ್ಟರೆ ಐಸಿ ಸುಡುತ್ತದೆ.

ಅಂಕೋಲಾ ಎಕ್ಸ್‌ಪ್ರೆಸ್
ಶ್ರುತಿಪೆಟ್ಟಿಗೆ ಮತ್ತು ಮೊಬೈಲಿಗೆ ಎರಡು ರೆಸಿಸ್ಟರ್ ಸಾಕು ಎಂದು ಮತ್ತೊಮ್ಮೆ ದಾಖಲಿಸುತ್ತೇನೆ.